ಡಚ್ ಪೇಂಟಿಂಗ್ ಮುಂದೆ ನಿಂತಾಗ ಏನು ನೋಡ್ಬೇಕು, ಹೆಂಗೆ ನೋಡ್ಬೇಕು

ಊರಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಬರೋ ನಮ್ಮೋರು ಸಾಮಾನ್ಯವಾಗಿ ರೈಕ್ಸ್‌ಮ್ಯೂಸಿಯಂಗೆ ಒಂದು ಗಂಟೆ ಇಟ್ಕೊಂಡಿರ್ತಾರೆ, ಆಮೇಲೆ ಕ್ಯಾನಲ್ ಬೋಟು, ಆಮೇಲೆ ಊಟ. ಒಳಗೆ ಹೋಗಿ ರೆಂಬ್ರಾಂಟ್ ಅನ್ನೋ ಚಿತ್ರಕಾರನ ನೈಟ್ ವಾಚ್ ಮುಂದೆ ಫೋಟೋ ತೆಗೆಸ್ಕೊಂಡು, ಇನ್ನೊಂದು ನಲವತ್ತು ಚಿತ್ರದ ಮುಂದೆ ನಡ್ಕೊಂಡು ಹೋಗಿ ಹೊರಗೆ ಬಂದ್ಮೇಲೆ ಏನು ನೋಡಿದ್ರಿ ಅಂತ ಕೇಳಿದ್ರೆ "ಎಲ್ಲಾ ಫೋಟೋ ಇದ್ದಂಗೇ ಇತ್ತು, ಎಷ್ಟು ಚೆನ್ನಾಗಿ ಬಿಡಿಸಿದಾರೆ" ಅಂತಾರೆ. ಬೇಜಾರಾಗುತ್ತೆ, ಯಾಕಂದ್ರೆ ಈ ಚಿತ್ರಗಳಲ್ಲಿ ಇರೋದೆಲ್ಲಾ ಅಡುಗೆಮನೆ, ಊಟದ ಟೇಬಲ್ಲು, ಹಾಲು, ಬ್ರೆಡ್ಡು, ನಿಂಬೆಹಣ್ಣು, ಕಾಳುಮೆಣಸು. ಇದನ್ನ ಓದೋಕೆ ಆರ್ಟ್ ಹಿಸ್ಟರಿ ಡಿಗ್ರಿ ಬೇಡ. ನಾನು ಇಲ್ಲಿ ಕೆಲಸಕ್ಕೆ ಬಂದ್ಮೇಲೆ ಲೆಕ್ಕ ಇಲ್ದಷ್ಟು ಸಲ ಹೋಗಿದೀನಿ, ಬಂದವರನ್ನೆಲ್ಲಾ ಕರ್ಕೊಂಡೂ ಹೋಗಿದೀನಿ, ಹಂಗಾಗಿ ಹದಿನೇಳನೇ ಶತಮಾನದ ಡಚ್ ಚಿತ್ರಗಳನ್ನ ನೋಡೋಕೆ ನಾನು ಹಿಡಿದಿರೋ ದಾರಿ ಇಲ್ಲಿ ಬರೀತಿದೀನಿ.

ಮೊದಲನೇದು, ಮೂರೇ ಮೂರು ಚಿತ್ರ ಆರಿಸ್ಕೊಳ್ಳಿ. ಉಳಿದಿದ್ದು ದಾರೀಲಿ ಕಣ್ಣಿಗೆ ಬಿದ್ರೆ ಬೀಳ್ಲಿ. ಒಂದು ಚಿತ್ರಕ್ಕೆ ಕಮ್ಮಿ ಅಂದ್ರೂ ಹದಿನೈದು ನಿಮಿಷ ಕೊಡಿ. ಹದಿನೈದು ನಿಮಿಷ ಒಂದೇ ಚಿತ್ರದ ಮುಂದೆ ಏನ್ ಮಾಡೋದು ಅಂತ ಕೇಳ್ಬೇಡಿ, ಅದನ್ನೇ ಮುಂದೆ ಹೇಳ್ತೀನಿ. ಟಿಕೆಟ್ ಆನ್‌ಲೈನಲ್ಲಿ ಟೈಮ್ ಸ್ಲಾಟ್ ಹಾಕಿ ತಗೋಬೇಕು, ಹದಿನೆಂಟರ ಒಳಗಿನ ಮಕ್ಕಳಿಗೆ ಫ್ರೀ, ಬೆಳಗ್ಗೆ 9ರಿಂದ ಸಂಜೆ 5ರವರೆಗೆ ತೆಗೆದಿರುತ್ತೆ. 9ಕ್ಕೇ ಹೋಗಿ. ಬಾಗಿಲು ತೆಗೆದ ತಕ್ಷಣ ಕೆಳಗಿನ ಅಂತಸ್ತಲ್ಲಿ ಎಲ್ಲೂ ನಿಲ್ದೆ ನೇರ ಎರಡನೇ ಫ್ಲೋರಿಗೆ ಹತ್ತಿದ್ರೆ ಅರ್ಧ ಗಂಟೆ ವರ್ಮೀರ್ ಅನ್ನೋ ಚಿತ್ರಕಾರನ ಚಿತ್ರಗಳ ಮುಂದೆ ಜನ ಕಮ್ಮಿ ಇರ್ತಾರೆ, ಹತ್ತೂವರೆ ಆಯ್ತು ಅಂದ್ರೆ ಟೂರ್ ಗ್ರೂಪ್‌ಗಳು ಬಂದ್ಬಿಡ್ತವೆ.

ಹೋಗೋ ಹಿಂದಿನ ದಿನ ಮನೇಲಿ ಒಂದು ಕೆಲಸ ಮಾಡಿ. ಹಳೇ ನ್ಯೂಸ್‌ಪೇಪರ್ ತಗೊಂಡು 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ. ವರ್ಮೀರ್‌ನ ಹಾಲು ಸುರಿಯೋ ಹೆಂಗಸಿನ ಚಿತ್ರ ಇರೋದು ಅಷ್ಟೇ. ಆಮೇಲೆ ಸುಮಾರು 380ಕ್ಕೆ 450 ಸೆಂಟಿಮೀಟರ್ ಅಳತೇನ ಹಾಲ್ ಗೋಡೆ ಮೇಲೆ ಟೇಪ್ ಹಿಡಿದು ನೋಡಿ, ಬಹಳಷ್ಟು ಮನೇಲಿ ಸೀಲಿಂಗ್ ಸಾಲಲ್ಲ. ಅದು ನೈಟ್ ವಾಚ್. ಫೋನಲ್ಲಿ ಎರಡೂ ಒಂದೇ ಸೈಜಲ್ಲಿ ಕಾಣ್ಸುತ್ತೆ, ಅದೇ ಮೋಸ. ಚಿಕ್ಕ ಚಿತ್ರ ಒಬ್ಬರು ಒಂದು ರೂಮಲ್ಲಿ ಹತ್ತಿರ ನಿಂತು ನೋಡೋಕೆ ಮಾಡಿದ್ದು, ದೊಡ್ಡದು ಸಿವಿಕ್ ಗಾರ್ಡ್‌ಗಳು, ಅಂದ್ರೆ ಊರು ಕಾಯೋ ನಾಗರಿಕ ಪಡೆಯವರ ಸಂಘದ ಹಾಲ್‌ನಲ್ಲಿ ದೂರದಿಂದ ನೋಡೋಕೆ. ಎಲ್ಲಿ ನಿಲ್ಬೇಕು ಅನ್ನೋದು ಇಲ್ಲೇ ಅರ್ಧ ತೀರ್ಮಾನ ಆಗೋಗುತ್ತೆ.

ಈಗ ಆ ಹಾಲಿನ ಚಿತ್ರದ ಮುಂದೆ ನಿಂತಿದೀವಿ ಅಂದ್ಕೊಳ್ಳಿ. 1660ರ ಆಸುಪಾಸಿಂದು. ಪಕ್ಕದ ಲೇಬಲ್ ಓದ್ಬೇಡಿ, ಕೊನೇಲಿ ಓದಿ. ಮೊದಲು ಬೆಳಕು ಎಲ್ಲಿಂದ ಬರ್ತಿದೆ ಹುಡುಕಿ. ಎಡಗಡೆ ಕಿಟಕಿ. ಇಲ್ಲಿನ ಚಿತ್ರಗಳಲ್ಲಿ ಬಹಳ ಸಲ ಎಡಗಡೆಯಿಂದಾನೇ ಬರುತ್ತೆ, ಬಲಗೈಲಿ ಬ್ರಷ್ ಹಿಡಿಯೋರಿಗೆ ತಮ್ಮ ಕೈಯ ನೆರಳು ಚಿತ್ರದ ಮೇಲೆ ಬೀಳಬಾರ್ದು ಅಂತ ಸ್ಟುಡಿಯೋನೇ ಹಂಗೆ ಮಾಡ್ಕೋತಿದ್ರು. ಬೆಳಕು ಸಿಕ್ಕಿದ್ಮೇಲೆ ಅದರ ಜೊತೆ ಕಣ್ಣನ್ನ ನಡೆಸ್ಕೊಂಡು ಹೋಗಿ, ಕಿಟಕಿಯಿಂದ ಬುಟ್ಟಿಗೆ, ಬುಟ್ಟಿಯಿಂದ ಬ್ರೆಡ್‌ಗೆ, ಬ್ರೆಡ್ಡಿಂದ ಅವಳ ಕೈಗೆ, ಅಲ್ಲಿಂದ ಹಿಂದಿನ ಬಿಳೀ ಗೋಡೆಗೆ. ಗೋಡೆ ಮೇಲೆ ಒಂದು ಮೊಳೆ ಇದೆ. ಮೊಳೆಗೆ ನೆರಳೂ ಇದೆ. ಹಿಂದೆ ಮೊಳೆ ಹೊಡೆದು ಕಿತ್ತಿರೋ ತೂತೂ ಇವೆ. ಇದನ್ನ ಹುಡುಕೋಕೆ ಐದು ನಿಮಿಷ ಹೋದ್ರೂ ಪರವಾಗಿಲ್ಲ.

ಆಮೇಲೆ ಅವಳು ಏನ್ ಮಾಡ್ತಿದಾಳೆ ಅಂತ ನಿಮ್ಮಷ್ಟಕ್ಕೆ ನೀವು ಬಾಯಿಬಿಟ್ಟು ಹೇಳ್ಕೊಳ್ಳಿ, ಕನ್ನಡದಲ್ಲೇ. ಅಮ್ಮನ್ನ ಮೊದಲನೇ ಸಲ ಕರ್ಕೊಂಡು ಹೋದಾಗ ನಾನು ಬಣ್ಣದ ಬಗ್ಗೆ, ವರ್ಮೀರ್ ಡೆಲ್ಫ್ಟ್ ಊರಿನವನು, 1632ರಲ್ಲಿ ಹುಟ್ಟಿ 1675ರಲ್ಲಿ ತೀರ್ಕೊಂಡ, ನಮಗೆ ಸಿಕ್ಕಿರೋದು ಅವನ ಮೂವತ್ತೇಳು ಚಿತ್ರದಷ್ಟೇ ಅಂತೆಲ್ಲಾ ಹೇಳ್ತಾ ಇದ್ದೆ, ಅಮ್ಮ ಅದ್ಯಾವುದನ್ನೂ ಕೇಳಿಸ್ಕೊಳ್ದೆ ಚಿತ್ರನೇ ನೋಡ್ತಾ "ಕುಡಿಯೋಕೆ ಹಾಕ್ತಿಲ್ಲ ಕಣೋ ಅವ್ಳು, ಏನೋ ನೆನೆಸ್ತಿದಾಳೆ, ಅದಕ್ಕೇ ಅಷ್ಟು ಸಣ್ಣಗೆ ಬಿಡ್ತಿರೋದು, ಆ ಬ್ರೆಡ್ಡು ನಿನ್ನೇದು ಮೊನ್ನೇದು ಇರ್ಬೇಕು" ಅಂದ್ರು. ಇತಿಹಾಸಕಾರರೂ ಅದನ್ನೇ ಹೇಳ್ತಾರೆ, ಹಳೇ ಬ್ರೆಡ್ ಹಾಲಲ್ಲಿ ಹಾಕಿ ಪುಡ್ಡಿಂಗ್ ಥರ ಮಾಡ್ತಿದಾಳೆ ಅಂತ. ನಲವತ್ತು ವರ್ಷ ಒಲೆ ಮುಂದೆ ನಿಂತಿರೋರಿಗೆ ಹಾಲಿನ ಧಾರೆ ನೋಡಿದ್ರೇ ಗೊತ್ತಾಗುತ್ತೆ. ಅಂದಿನಿಂದ ನಾನು ಯಾರನ್ನ ಕರ್ಕೊಂಡು ಹೋದ್ರೂ ಮೊದಲು ಸುಮ್ನಿರ್ತೀನಿ, ಅವರೇನು ಹೇಳ್ತಾರೋ ಕೇಳ್ತೀನಿ. ಬಡಗಿ ಕೆಲಸ ಗೊತ್ತಿರೋರು ಕಿಟಕಿ ನೋಡ್ತಾರೆ, ಹೊಲಿಗೆ ಗೊತ್ತಿರೋರು ತೋಳು ಮಡಚಿರೋದನ್ನ ನೋಡ್ತಾರೆ. ತೋಳು ಮೇಲೆ ಮಡಚಿದ ಕಡೆ ಚರ್ಮ ಬೆಳ್ಳಗಿದೆ, ಕೆಳಗೆ ಮಣಿಕಟ್ಟಿನಿಂದ ಮುಂದೆ ಬಿಸಿಲಿಗೆ ಕಂದಿದೆ, ನೋಡಿ.

ಈಗ ಹತ್ತಿರ ಹೋಗಿ, ಗಾರ್ಡ್ ಏನೂ ಅನ್ನದಷ್ಟು ಹತ್ತಿರ. ಬ್ರೆಡ್ ಮೇಲೆ ಚುಕ್ಕಿ ಚುಕ್ಕಿ ಬಣ್ಣ ಇಟ್ಟಿದಾನೆ, ದೂರದಿಂದ ಅದು ಗರಿಗರಿ ಸಿಪ್ಪೆ, ಹತ್ತಿರದಿಂದ ಬರೀ ಚುಕ್ಕಿ. ಅವಳ ಬೆನ್ನ ಕಡೆ, ಅಂದ್ರೆ ನಮ್ಮ ಬಲಗಡೆ ಅಂಚಿನುದ್ದಕ್ಕೂ ಸಣ್ಣ ಬಿಳೀ ಗೆರೆ ಎಳೆದಿದಾನೆ, ನಿಜ ಜೀವನದಲ್ಲಿ ಅಂಥ ಗೆರೆ ಇರಲ್ಲ, ಆದ್ರೆ ಅದರಿಂದಾನೇ ಅವಳು ಗೋಡೆಯಿಂದ ಮುಂದೆ ಬಂದು ನಿಂತಂಗೆ ಅನ್ಸೋದು. ಇನ್ನೊಂದು ವಿಷಯ ಬರಿಗಣ್ಣಿಗೆ ಸುಲಭಕ್ಕೆ ಕಾಣಲ್ಲ ಆದ್ರೂ ಹೇಳ್ತೀನಿ, ಸಂಶೋಧಕರು ಈ ಚಿತ್ರದಲ್ಲಿ ಅವಳ ಬಲಗೈ ಮೇಲ್ಗಡೆ ಒಂದು ಪಿನ್ ಚುಚ್ಚಿದ ತೂತು ಕಂಡುಹಿಡಿದಿದಾರೆ. ಅಲ್ಲಿ ಪಿನ್ ನೆಟ್ಟು, ದಾರ ಕಟ್ಟಿ, ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಎಳೆದು ಬಿಟ್ರೆ ನೇರ ಗೆರೆ ಬೀಳುತ್ತೆ, ನಮ್ಮ ಬಡಗಿಗಳು ಮರದ ಮೇಲೆ ದಾರ ಹೊಡೀತಾರಲ್ಲ, ಅದೇ. ಕಿಟಕಿಯ ಗೆರೆಗಳೆಲ್ಲಾ ಹೋಗಿ ಸೇರೋದು ಆ ಬಿಂದುಗೆ. ಅದಕ್ಕೇ ನಿಮ್ಮ ಕಣ್ಣು ಎಲ್ಲಿ ಸುತ್ತಿದ್ರೂ ವಾಪಸ್ ಅವಳ ಕೈ ಹತ್ರ ಬಂದು ನಿಲ್ಲೋದು.

ಆ ನೀಲಿ ಏಪ್ರನ್ನು ಅಲ್ಟ್ರಾಮರೀನ್, ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟದ ಲ್ಯಾಪಿಸ್ ಲಜುಲಿ ಕಲ್ಲನ್ನ ಕುಟ್ಟಿ ಪುಡಿ ಮಾಡಿದ್ದು. ಆ ಕಾಲದ ಅತಿ ದುಬಾರಿ ಬಣ್ಣಗಳಲ್ಲಿ ಒಂದು. ಅದನ್ನ ಕೆಲಸದವಳ ಏಪ್ರನ್‌ಗೆ ಹಾಕಿದಾನೆ, ಇದು ನನಗೆ ಪ್ರತಿ ಸಲ ಎದೆಗೆ ತಟ್ಟುತ್ತೆ. 2022ರಲ್ಲಿ ಮ್ಯೂಸಿಯಂನೋರು ಸ್ಕ್ಯಾನ್ ಮಾಡಿ ಹೇಳಿದ್ದು ಏನಂದ್ರೆ, ಅವಳ ತಲೆ ಹಿಂದೆ ಜಗ್‌ಗಳನ್ನ ನೇತುಹಾಕೋ ಮರದ ಹಲಗೆ, ಕೆಳಗೆ ಬಲಗಡೆ ಕೆಂಡ ಇಡೋ ಬುಟ್ಟಿ ಎರಡನ್ನೂ ಮೊದಲು ಶುರು ಮಾಡಿದ್ದ, ಆಮೇಲೆ ಮುಚ್ಚಿಬಿಟ್ಟ. ಅಷ್ಟು ತೆಗೆದ ಮೇಲೆ ಉಳಿದದ್ದು ಖಾಲಿ ಗೋಡೆ, ಮೊಳೆ, ಹಾಲು.

ಎರಡನೇ ಚಿತ್ರಕ್ಕೆ ರೆಂಬ್ರಾಂಟ್‌ನ ಜೂಯಿಶ್ ಬ್ರೈಡ್ ಅಂತ ಕರೆಯೋ, ಒಂದು ಗಂಡು ಹೆಣ್ಣು ಜೋಡಿಯ ಚಿತ್ರ ಇಟ್ಕೊಳ್ಳಿ, 1665ರಿಂದ 69ರ ನಡುವಿಂದು. ಇದನ್ನ ನೋಡೋ ವಿಧಾನ ಬೇರೆ. ಮುಂದೆ ನಿಂತು ನೋಡಿದ್ಮೇಲೆ ಗೋಡೆಗೆ ಒತ್ತಿದಂಗೆ ಪಕ್ಕಕ್ಕೆ ಹೋಗಿ ಓರೆಯಿಂದ ನೋಡಿ. ಗಂಡಸಿನ ಬಂಗಾರದ ಬಣ್ಣದ ತೋಳು ಕ್ಯಾನ್ವಾಸ್‌ನಿಂದ ಉಬ್ಬಿ ಎದ್ದಿದೆ, ಬೆಟ್ಟ ಕಣಿವೆ ಥರ, ಮೇಲಿನ ಲೈಟ್ ಬಿದ್ದು ನಿಜವಾಗ್ಲೂ ಹೊಳೆಯುತ್ತೆ. ಮೈಸೂರು ಶೈಲಿ ಚಿತ್ರದಲ್ಲಿ ಗೆಸ್ಸೋ ಅನ್ನೋ ಲೇಪ ಉಬ್ಬಿಸಿ ಬಂಗಾರದ ರೇಕು ಅಂಟಿಸ್ತಾರಲ್ಲ, ಉಬ್ಬಿಗೆ ಬೆಳಕು ಹಿಡಿಸೋ ಆಸೆ ಅಲ್ಲೂ ಇದೆ, ಆದ್ರೆ ಇಲ್ಲಿ ಬಂಗಾರ ಒಂದು ಚೂರೂ ಇಲ್ಲ, ಬರೀ ಬಣ್ಣ, ಸೀಸದ ಬಿಳಿ, ಎಣ್ಣೆ. ತೋಳು ಅಷ್ಟು ದಪ್ಪ, ಆದ್ರೆ ಹೆಂಗಸಿನ ಎದೆ ಮೇಲಿಟ್ಟ ಆ ಕೈ, ಅದರ ಮೇಲೆ ಅವಳು ಇಟ್ಟ ಬೆರಳು ಎಷ್ಟು ಮೆತ್ತಗೆ ಮಾಡಿದಾನೆ ನೋಡಿ. 1885ರಲ್ಲಿ ಮ್ಯೂಸಿಯಂ ಹೊಸದಾಗಿ ತೆಗೆದಾಗ ವ್ಯಾನ್ ಗೋ ಈ ಚಿತ್ರದ ಮುಂದೆ ಕೂತವನು ಎದ್ದೇಳ್ಲಿಲ್ಲ, ಒಣ ಬ್ರೆಡ್ ತುಂಡು ತಿನ್ಕೊಂಡು ಹದಿನಾಲ್ಕು ದಿನ ಇಲ್ಲೇ ಕೂರೋಕೆ ಬಿಟ್ರೆ ಆಯಸ್ಸಲ್ಲಿ ಹತ್ತು ವರ್ಷ ಕೊಡ್ತೀನಿ ಅಂದಿದ್ದ ಅಂತ ಜೊತೆಗೆ ಹೋಗಿದ್ದ ಗೆಳೆಯ ನೆನಪಿಸ್ಕೊಂಡಿದಾನೆ. ಹದಿನೈದು ನಿಮಿಷ ನಾವು ಕೊಡಬಹುದು.

ರೆಂಬ್ರಾಂಟ್‌ಗೂ ನಮ್ಮ ದೇಶಕ್ಕೂ ಒಂದು ನಂಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. 1656ರಲ್ಲಿ ದಿವಾಳಿ ಆಗಿ ಮನೆ ಸಾಮಾನೆಲ್ಲಾ ಹರಾಜಿಗೆ ಹೋದ ಆ ವರ್ಷಗಳ ಸುತ್ತಮುತ್ತ ಅವನು ಮೊಘಲ್ ಕಿರುಚಿತ್ರಗಳನ್ನ ನೋಡ್ಕೊಂಡು ಇಪ್ಪತ್ತಕ್ಕೂ ಹೆಚ್ಚು ಡ್ರಾಯಿಂಗ್ ಮಾಡಿದಾನೆ, ಷಹಜಹಾನ್, ಜಹಾಂಗೀರ್ ಎಲ್ಲಾ ಇದಾರೆ, ಅದೂ ಜಪಾನಿನಿಂದ ಬಂದ ದುಬಾರಿ ಕಾಗದದ ಮೇಲೆ. ಕಾಗದಕ್ಕೆ ಬೆಳಕು ತಡೆಯಲ್ಲ ಅಂತ ಇಂಥವನ್ನ ಯಾವಾಗ್ಲೂ ಗೋಡೆ ಮೇಲೆ ಇಡಲ್ಲ, ಆನ್‌ಲೈನಲ್ಲಿ ನೋಡ್ಕೊಳ್ಳಿ.

ಮೂರನೇದಕ್ಕೆ ಒಂದು ಊಟದ ಟೇಬಲ್ ಚಿತ್ರ ಬೇಕೇ ಬೇಕು. ಪೀಟರ್ ಕ್ಲಾಸ್ 1627ರಲ್ಲಿ ಬರೆದ ಟರ್ಕಿ ಪೈ ಇರೋ ಚಿತ್ರ ಸಿಕ್ರೆ ಅದರ ಮುಂದೆ ನಿಂತ್ಬಿಡಿ. ಇಲ್ಲಿ ಮಾಡ್ಬೇಕಾದ್ದು ಒಂದೇ, ಪ್ರತಿ ವಸ್ತುವನ್ನ ಬೆರಳು ಮಡಚಿ ಎಣಿಸ್ತಾ ಇದು ಎಲ್ಲಿಂದ ಬಂತು ಅಂತ ಕೇಳ್ಕೊಳ್ಳೋದು. ಟರ್ಕಿ ಕೋಳಿ ಮೂಲ ಅಮೆರಿಕದ್ದು. ನಿಂಬೆ ಮೆಡಿಟರೇನಿಯನ್ ಕಡೇದು. ನಾಟಿಲಸ್ ಅನ್ನೋ ಕಡಲಜೀವಿಯ ಚಿಪ್ಪು ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ನೀರಿಂದು, ಅದಕ್ಕೆ ಬೆಳ್ಳಿ ಕೆಲಸ ಮಾಡಿ ಕಪ್ ಮಾಡಿದಾರೆ. ನೀಲಿ ಬಿಳಿ ಬಟ್ಟಲು ಚೀನಾದ್ದು. ಟೇಬಲ್ ಮೇಲೆ ಬಿಳೀ ಬಟ್ಟೆ ಕೆಳಗೆ ಕಾರ್ಪೆಟ್ ಇಣುಕ್ತಿದೆ, ಪೂರ್ವದಿಂದ ಬಂದ ಕಾರ್ಪೆಟ್‌ನ ಆಗ ನೆಲಕ್ಕೆ ಹಾಕೋ ಮಾತೇ ಇಲ್ಲ, ಅಷ್ಟು ಬೆಲೆ. ಮತ್ತೆ ಹಳೇ ಪಂಚಾಂಗದ ಹಾಳೆ ಸುತ್ತಿ ಮಾಡಿದ ಪೊಟ್ಟಣ, ಒಳಗೆ ಕಾಳುಮೆಣಸು. ನಮ್ಮೂರ ಶೆಟ್ರ ಅಂಗಡೀಲಿ ಕಟ್ಟಿ ಕೊಡ್ತಿದ್ದ ಪೊಟ್ಟಣನೇ. ನೋಡಿದ ತಕ್ಷಣ ಇದು ನಮ್ಮ ಕರಾವಳಿ ಮಲೆನಾಡಿಂದು ಅನ್ನೋಕೆ ಮನಸ್ಸು ಓಡುತ್ತೆ, ನನಗೂ ಓಡಿತ್ತು, ಆದ್ರೆ ಆ ವರ್ಷಗಳಲ್ಲಿ ಡಚ್ಚರು ಮೆಣಸು ತುಂಬಿಸ್ತಿದ್ದದ್ದು ಹೆಚ್ಚಾಗಿ ಜಾವಾ ಸುಮಾತ್ರಾ ಕಡೆಯಿಂದ, ಮಲಬಾರಿನ ಕೊಚ್ಚಿ ಅವರ ಕೈಗೆ ಬಂದಿದ್ದು 1663ರಲ್ಲಿ. ಹಂಗಾಗಿ ನಮ್ಮದು ಅಂತ ಹಕ್ಕು ಹಾಕೋಕೆ ಹೋಗ್ಬೇಡಿ.

ಇದೇ ಜಾಗದಲ್ಲಿ ಇನ್ನೊಂದು ಪ್ರಶ್ನೇನೂ ಕೇಳ್ಕೋಬೇಕು, ಇದೆಲ್ಲಾ ಇಲ್ಲಿಗೆ ಬರೋಕೆ ಯಾರು ಏನು ಕಳ್ಕೊಂಡ್ರು ಅಂತ. ಡಚ್ ಈಸ್ಟ್ ಇಂಡಿಯಾ ಕಂಪನಿ 1602ರಲ್ಲಿ ಶುರುವಾಯ್ತು, 1621ರಲ್ಲಿ ಜಾಯಿಕಾಯಿಗೋಸ್ಕರ ಬಾಂಡಾ ದ್ವೀಪಗಳ ಜನರನ್ನ ಕೊಂದು, ಓಡಿಸಿ, ಗುಲಾಮರನ್ನಾಗಿ ಮಾಡಿ ದ್ವೀಪಗಳನ್ನ ಖಾಲಿ ಮಾಡ್ತು. ಕ್ಲಾಸ್ ಈ ಟೇಬಲ್ ಬರೆದಾಗ ಅದಾಗಿ ಆರು ವರ್ಷ ಅಷ್ಟೇ. ಈ ಕಾಲಕ್ಕೆ ಸುವರ್ಣಯುಗ ಅಂತ ಹೆಸರು ಹೇಳೋದನ್ನ ಇದೇ ಊರಿನ ಇನ್ನೊಂದು ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮ್ ಮ್ಯೂಸಿಯಂ, 2019ರಲ್ಲಿ ಕೈಬಿಡ್ತು, ನನ್ನ ಪ್ರಕಾರ ಸರಿಯಾದ ಕೆಲಸ. ಚಿತ್ರದ ಅಂದ ಇದರಿಂದ ಕಮ್ಮಿ ಆಗಲ್ಲ, ಆದ್ರೆ ಪೊಟ್ಟಣ ನೋಡೋ ಕಣ್ಣು ಬದಲಾಗುತ್ತೆ.

ಕೆಲವರು ಇಂಥ ಚಿತ್ರದಲ್ಲಿ ಪ್ರತಿಯೊಂದಕ್ಕೂ ಅರ್ಥ ಹೇಳ್ತಾರೆ, ನಿಂಬೆ ಅಂದ್ರೆ ಹೊರಗೆ ಚೆಂದ ಒಳಗೆ ಹುಳಿ, ಗಡಿಯಾರ ಅಂದ್ರೆ ಸಾವು, ಅಂತ. ತಲೆಬುರುಡೆ, ಆರಿದ ದೀಪ ಇದ್ರೆ ಆ ಅರ್ಥ ಖಂಡಿತ ಇದೆ. ಆದ್ರೆ ಅರ್ಧ ಸುಲಿದು ಸಿಪ್ಪೆ ಸುರುಳಿಯಾಗಿ ಇಳಿಬಿಟ್ಟ ನಿಂಬೆನ ನೂರಾರು ಚಿತ್ರದಲ್ಲಿ ಹಾಕಿರೋದು ಮುಖ್ಯವಾಗಿ ಕೈಚಳಕ ತೋರಿಸೋಕೆ ಅಂತ ನನಗನ್ಸುತ್ತೆ, ಹೊರಗಿನ ಹಳದಿ, ಬಿಳೀ ತಿರುಳು, ಒಳಗಿನ ರಸದ ಹೊಳಪು ಮೂರೂ ಮೂರು ಥರ ಬರೀಬೇಕು. ಮೊದಲು ವಸ್ತು ನೋಡಿ, ಅರ್ಥ ಆಮೇಲೆ. ಗಾಜಿನ ಗ್ಲಾಸ್ ಇದ್ರೆ ಅದರ ಉಬ್ಬಿನಲ್ಲಿ ಹುಡುಕಿ, ಚಿತ್ರದಲ್ಲಿ ಎಲ್ಲೂ ಬರೀದೇ ಇರೋ ಕಿಟಕಿ ಅಲ್ಲಿ ಪುಟ್ಟದಾಗಿ ಕಾಣ್ಸುತ್ತೆ.

ಮೂರು ಚಿತ್ರಕ್ಕೂ ಕೇಳ್ಬೇಕಾದ ಒಂದು ಪ್ರಶ್ನೆ ಇದೆ, ಬರೆದಾಗ ಇದು ಹಿಂಗೇ ಇತ್ತಾ? ಬಹಳ ಸಲ ಇರ್ಲಿಲ್ಲ. ಹೂವಿನ ಚಿತ್ರದಲ್ಲಿ ಎಲೆಗಳು ನೀಲಿಯಾಗಿ ಕಂಡ್ರೆ ಅದು ಚಿತ್ರಕಾರನ ಶೋಕಿ ಅಲ್ಲ, ನೀಲಿ ಮೇಲೆ ಗಿಡದಿಂದ ತೆಗೆದ ಹಳದಿ ಬಳಿದು ಹಸಿರು ಮಾಡ್ತಿದ್ರು, ಹಳದಿ ಬೆಳಕಿಗೆ ಹಾರಿಹೋಗಿ ನೀಲಿ ಉಳ್ಕೊಂಡಿದೆ. ಸ್ಮಾಲ್ಟ್ ಅನ್ನೋ ಗಾಜಿನ ನೀಲಿ ಕಾಲ ಕಳೆದಂಗೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಹೇಗ್ ಊರಿನ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿರೋ ವರ್ಮೀರ್‌ನದೇ ಚಿತ್ರದಲ್ಲಿ ಮುತ್ತಿನ ಓಲೆ ಹುಡುಗಿಯ ಹಿಂದೆ ಈಗ ಬರೀ ಕಪ್ಪು, ಆದ್ರೆ 2018ರಲ್ಲಿ ಪರೀಕ್ಷೆ ಮಾಡಿದಾಗ ಅಲ್ಲಿ ಹಸಿರು ಪರದೆ ಇತ್ತು ಅಂತ ಗೊತ್ತಾಯ್ತು, ಗಿಡದಿಂದ ತೆಗೆದ ನೀಲಿ ಮತ್ತೆ ಗಿಡದಿಂದ ತೆಗೆದ ಹಳದಿ ಸೇರಿಸಿ ಬಳಿದಿದ್ದು, ಎರಡೂ ಮಾಸಿಹೋಗಿದೆ. ನೈಟ್ ವಾಚ್ ರಾತ್ರಿ ಚಿತ್ರಾನೇ ಅಲ್ಲ, ವಾರ್ನಿಷ್ ಕೊಳೆ ಸೇರಿ ಕಪ್ಪಾದ್ಮೇಲೆ ಬಂದ ಹೆಸರು. 1642ರಲ್ಲಿ ಬರೆದಿದ್ದನ್ನ 1715ರಲ್ಲಿ ಟೌನ್ ಹಾಲ್‌ಗೆ ಸಾಗಿಸ್ದಾಗ ಗೋಡೆಗೆ ಹಿಡಿಸಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿದ್ರು, ಎಡಗಡೆ ಇಬ್ಬರು ನಿಂತಿದ್ದೋರು ಹೋಗ್ಬಿಟ್ರು. ಮುಂಚೇನೇ ಬೇರೊಬ್ಬರು ಮಾಡಿಟ್ಟಿದ್ದ ಚಿಕ್ಕ ಪ್ರತಿ ಇರೋದ್ರಿಂದ ಅಲ್ಲಿ ಏನಿತ್ತು ಅಂತ ಗೊತ್ತು.

ಲೇಬಲ್ ಓದೋ ಟೈಮ್ ಈಗ, ಅದರಲ್ಲಿರೋ ಡಚ್ ಪದಗಳ ಅರ್ಥ ಹೇಳ್ತೀನಿ. "ಓಲಿಫರ್ಫ್ ಓಪ್ ಡೂಕ್" ಅಂದ್ರೆ ಬಟ್ಟೆ ಮೇಲೆ ಎಣ್ಣೆ ಬಣ್ಣ, "ಪನೇಲ್" ಅಂದ್ರೆ ಮರದ ಹಲಗೆ. ಹಲಗೆ ಮೇಲೆ ಬರೆದದ್ದು ನುಣುಪಾಗಿರುತ್ತೆ. ಹೆಸರಿನ ಮುಂದೆ "ಟೂಖೆಸ್ಖ್ರೇವನ್ ಆನ್" ಇದ್ರೆ ಅವನದೇ ಇರಬಹುದು ಅಂತ ಅಂದಾಜು, "ಆಟೆಲಿಯೇ ಫಾನ್" ಇದ್ರೆ ಅವನ ಸ್ಟುಡಿಯೋದಲ್ಲಿ ಶಿಷ್ಯರು ಕೈ ಹಾಕಿದ್ದು, "ಕೊಪೀ ನಾರ್" ಇದ್ರೆ ನಕಲು. ಇದು ಗೊತ್ತಿದ್ರೆ ಸಾಕು.

ಇನ್ನು ಡೆಲ್ಫ್ಟ್ ನೀಲಿ ಬಗ್ಗೆ, ಯಾಕಂದ್ರೆ ಎಲ್ಲರೂ ಕೊನೇಲಿ ಅಂಗಡಿಗೆ ಹೋಗಿ ನೀಲಿ ಬಿಳಿ ಸಾಮಾನು ಕೊಂಡ್ಕೊಳ್ಳೋರೇ. ಮೊದಲು ಹಾಲಿನ ಚಿತ್ರದ ಕೆಳಗೆ ಬಲಗಡೆ ವಾಪಸ್ ಹೋಗಿ, ಗೋಡೆ ಬುಡದಲ್ಲಿ ಸಾಲಾಗಿ ಟೈಲ್ಸ್ ಇದೆ, ಒಂದರಲ್ಲಿ ಬಿಲ್ಲು ಹಿಡಿದ ಮನ್ಮಥ, ಅದರ ಮುಂದೆ ನೆಲದ ಮೇಲೆ ಕಾಲು ಬೆಚ್ಚಗೆ ಮಾಡ್ಕೊಳ್ಳೋ ಕೆಂಡದ ಪೆಟ್ಟಿಗೆ (ಮುಚ್ಚಿಬಿಟ್ಟ ಅಂದ್ನಲ್ಲ, ಆ ಬುಟ್ಟಿ ಬೇರೆ). ಪೊರಕೆ, ಒದ್ದೆ ಬಟ್ಟೆಯಿಂದ ಗೋಡೆ ಬುಡ ಹಾಳಾಗ್ಬಾರ್ದು ಅಂತ ಅಲ್ಲಿ ಟೈಲ್ಸ್ ಹಾಕ್ತಿದ್ರು. ಡೆಲ್ಫ್ಟ್ ಸಾಮಾನು ಪಿಂಗಾಣಿ ಅಲ್ಲ, ಅದು ಮಣ್ಣು, ಮೇಲೆ ತವರ ಸೇರಿಸಿದ ಬಿಳೀ ಗ್ಲೇಜ್, ಅಂದ್ರೆ ಗಾಜಿನಂಥ ಲೇಪ. ಚೀನಾದ ಪಿಂಗಾಣಿ ಪೋರ್ಚುಗೀಸ್ ಹಡಗುಗಳನ್ನ ಹಿಡಿದಾಗ ಡಚ್ಚರಿಗೆ ರಾಶಿಗಟ್ಟಲೆ ಸಿಕ್ತು, ಜನ ಹುಚ್ಚಾಗಿ ಕೊಂಡ್ರು, 1640ರ ದಶಕದಲ್ಲಿ ಚೀನಾದಲ್ಲಿ ಯುದ್ಧ ಆಗಿ ಸರಕು ನಿಂತಾಗ ಡೆಲ್ಫ್ಟ್‌ನ ಕುಂಬಾರರು ಆ ಜಾಗ ತುಂಬಿದ್ರು. ಪತ್ತೆ ಹಚ್ಚೋದು ಸುಲಭ, ಅಂಚಲ್ಲಿ ಎಲ್ಲಾದ್ರೂ ಚಕ್ಕೆ ಎದ್ದಿರೋ ಕಡೆ ನೋಡಿ. ಒಳಗೂ ಬೆಳ್ಳಗಿದ್ರೆ ಪಿಂಗಾಣಿ, ಮಣ್ಣಿನ ಬಣ್ಣ ಕಂಡ್ರೆ ಡೆಲ್ಫ್ಟ್ ಜಾತಿ.

ಹಳೇ ಟೈಲ್ ಸಂತೇಲಿ ಸಿಕ್ರೆ ಕೈಗೆ ತಗೊಂಡು ಮೇಲ್ಮೈ ಮೂಲೆಗಳನ್ನ ನೋಡಿ. ಸುಮಾರು 13 ಸೆಂಟಿಮೀಟರ್ ಚೌಕ ಇರುತ್ತೆ, ಮೂಲೇಲಿ ಸೂಜಿ ಮೊನೆಯಷ್ಟು ತೂತು ಕಾಣಬಹುದು, ಹಸಿ ಮಣ್ಣನ್ನ ಅಳತೆಗೆ ಕತ್ತರಿಸೋವಾಗ ಇಟ್ಟ ಮರದ ಹಲಗೆಯ ಮೊಳೆ ಗುರುತು ಅದು. ಡಿಸೈನ್ ಇಳಿಸ್ತಿದ್ದ ರೀತಿ ನಮಗೆ ಗೊತ್ತಿರೋದೇ, ಬ್ಲೌಸ್ ಮೇಲೆ ಆರಿ ವರ್ಕ್ ಮಾಡೋರು ಟ್ರೇಸಿಂಗ್ ಪೇಪರ್‌ಗೆ ಗೆರೆ ಉದ್ದಕ್ಕೂ ತೂತು ಹಾಕಿ ಪುಡಿ ಉಜ್ತಾರಲ್ಲ, ಹಂಗೇ ತೂತು ಕಾಗದದ ಮೇಲೆ ಇದ್ದಲ ಪುಡಿ ತಟ್ತಿದ್ರು, ಆಮೇಲೆ ಬ್ರಷ್ಷಲ್ಲಿ ಗೆರೆ ಎಳೀತಿದ್ರು. ಅದಕ್ಕೇ ಒಂದೇ ಡಿಸೈನ್‌ನ ಎರಡು ಟೈಲ್ ಪಕ್ಕಪಕ್ಕ ಇಟ್ರೆ ರೂಪ ಒಂದೇ, ಕೈ ಬೇರೆ. ಹೊಸ ಸಾಮಾನು ಕೊಳ್ಳೋವಾಗ್ಲೂ ಇದೇ ಪರೀಕ್ಷೆ ಮಾಡಿ, ಒಂದೇ ಥರದ ಎರಡು ತಟ್ಟೆ ಕೇಳಿ ಗೆರೆಗೆ ಗೆರೆ ಹೋಲಿಸಿ, ಚೂರೂ ವ್ಯತ್ಯಾಸ ಇಲ್ಲ ಅಂದ್ರೆ ಪ್ರಿಂಟು. ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ, ಒಳ್ಳೇ ಅಂಗಡಿಯವರು ತಾವೇ ತೋರಿಸ್ತಾರೆ.

ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಕೊಂಡು ಹೋಗಿ. ರೈಕ್ಸ್‌ಮ್ಯೂಸಿಯಂನೋರು ಫೋಟೋ ತೆಗೆಯೋ ಬದಲು ಬಿಡಿಸಿ ಅಂತ ತಾವೇ ಹೇಳ್ತಾರೆ. ಚೆನ್ನಾಗಿ ಬರ್ಬೇಕಾಗಿಲ್ಲ, ಜಗ್‌ನ ಬಾಯಿ ಒಂದನ್ನ ಬಿಡಿಸೋಕೆ ನೋಡಿ, ಎಷ್ಟು ಸಲ ತಲೆ ಎತ್ತಿ ನೋಡ್ಬೇಕಾಗುತ್ತೆ ಅಂತ ಗೊತ್ತಾಗುತ್ತೆ.

ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಕೂತು ಓದ್ತಿರೋರಿಗೂ ದಾರಿ ಇದೆ. ಮ್ಯೂಸಿಯಂನ ವೆಬ್‌ಸೈಟಲ್ಲಿ ರೈಕ್ಸ್‌ಸ್ಟುಡಿಯೋ ಅಂತ ಇದೆ, ಈ ಚಿತ್ರಗಳನ್ನೆಲ್ಲಾ ದೊಡ್ಡ ಸೈಜಲ್ಲಿ ಫ್ರೀಯಾಗಿ ಇಳಿಸ್ಕೋಬಹುದು. ನೈಟ್ ವಾಚ್‌ದು 2022ರಲ್ಲಿ ಹಾಕಿದ ಫೋಟೋ 717 ಗಿಗಾಪಿಕ್ಸೆಲ್ ಇದೆ, ಬಿರುಕು ಬಿಟ್ಟ ಬಣ್ಣದ ಚೂರನ್ನೂ ನೋಡಬಹುದು. ಹಾಲಿನ ಚಿತ್ರ ಇಳಿಸ್ಕೊಂಡು ಪ್ರಿಂಟ್ ಅಂಗಡೀಲಿ 45.5ಕ್ಕೆ 41 ಅಂತ ಅಳತೆ ಹೇಳಿ, ಮ್ಯಾಟ್ ಪೇಪರ್ ಮೇಲೆ ತೆಗೆಸಿ, ಗ್ಲಾಸಿ ಬೇಡ, ಟ್ಯೂಬ್‌ಲೈಟ್ ಹೊಳೆದು ಏನೂ ಕಾಣಲ್ಲ. ಕಿಟಕಿ ಎಡಗಡೆ ಬರೋ ಗೋಡೆ ನೋಡಿ ಅಂಟಿಸಿ. ಅಮ್ಮನ ಮನೇಲಿ ಅದು ಅಡುಗೆಮನೆ ಗೋಡೆ ಮೇಲಿದೆ, ಬೆಳಗ್ಗೆ ಎಂಟು ಗಂಟೆ ಬಿಸಿಲಿಗೆ ಚಿತ್ರದೊಳಗಿನ ಬೆಳಕೂ ಹೊರಗಿನ ಬೆಳಕೂ ಒಂದೇ ಕಡೆಯಿಂದ ಬರುತ್ತೆ.